ನಿಮ್ಮ ಮುಖ್ಯ ಪರೀಕ್ಷೆ ಯಾವುದು?

(ಕಲಬುರಗಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ, ಜೂನ್ ತಿಂಗಳಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿತ್ತನೆ ಹೊತ್ತಿನಲ್ಲಿ ಕೆಲಸ ಬಿಟ್ಟು ಬಂದಿದ್ದೀರಿ. ಆಳಂದ, ಜೇವರ್ಗಿ, ಚಿತ್ತಾಪುರದಿಂದ ಬೆಳಗಿನ ಬಸ್ ಹಿಡಿದು ಬಂದವರಿದ್ದೀರಿ. ಯಾದಗಿರಿಯಿಂದ ರೈಲಿಗೆ ಬಂದವರೂ ಇದ್ದೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪ್ರತಿ ವರ್ಷ ಈ ಹೊತ್ತಿಗೆ ಮಕ್ಕಳು ನನ್ನನ್ನು ಕೇಳುವುದು ಒಂದೇ ಮಾತು. "ಸರ್, ಯಾವ್ಯಾವ ಪರೀಕ್ಷೆ ಬರೀಬೇಕು?" ಉತ್ತರ ಅವರ ಕೈಯಲ್ಲೇ ಇರುತ್ತದೆ. ಎಲ್ಲಾ ಬರೆಯುವುದು ಅಂತ ಆಗಲೇ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಐಐಟಿ, ಎನ್ಐಟಿಗಳಿಗೆ ಜೆಇಇ ಜನವರಿ, ಜೆಇಇ ಏಪ್ರಿಲ್; ರಾಜ್ಯದ ಎಂಜಿನಿಯರಿಂಗ್, ಕೃಷಿಯಂಥ ಸೀಟಿಗೆ ಸಿಇಟಿ; ವೈದ್ಯಕೀಯಕ್ಕೆ ನೀಟ್; ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಕಾಮೆಡ್‌ಕೆ. ಪಕ್ಕದ ಮನೆ ಹುಡುಗ ಹಾಕಿದ್ದಾನೆ, ನಾವೂ ಹಾಕೋಣ. ಒಂದಲ್ಲ ಒಂದು ಹತ್ತಬಹುದು.

ನಾನು ಕೇಳುವ ಪ್ರಶ್ನೆ ಬೇರೆ. ನಿಮ್ಮ ಮುಖ್ಯ ಪರೀಕ್ಷೆ ಯಾವುದು? ಅದು ಯಾವ ತಿಂಗಳಲ್ಲಿದೆ? ಆ ತಿಂಗಳಿಗೆ ನೀವು ತಯಾರಾಗಿ ನಿಲ್ಲಬೇಕಾದರೆ ಇವತ್ತಿನಿಂದ ಏನೇನು ಬಿಡಬೇಕು? ಇದು ಜೂನ್‌ನಲ್ಲೇ ತೀರ್ಮಾನ ಆಗಬೇಕು. ಜನವರಿಯಲ್ಲಿ ಯೋಚನೆ ಮಾಡಿದರೆ ತಡವಾಯಿತು. ಆಗ ಕೈಯಲ್ಲಿ ಬದಲಿಸಲು ದಿನಗಳೇ ಉಳಿದಿರುವುದಿಲ್ಲ.

ಮೊದಲು ದಿನಾಂಕಗಳನ್ನು ನೋಡೋಣ. 2025ರ ಸಾಲನ್ನೇ ತೆಗೆದುಕೊಳ್ಳಿ. ಜನವರಿ 22ರಿಂದ ಜೆಇಇ ಮೇನ್ ಮೊದಲ ಸೆಷನ್. ಮಾರ್ಚ್ 1ರಿಂದ 20ರವರೆಗೆ ದ್ವಿತೀಯ ಪಿಯುಸಿ ಪರೀಕ್ಷೆ-1. ಏಪ್ರಿಲ್ 2ರಿಂದ ಜೆಇಇ ಎರಡನೇ ಸೆಷನ್. ಏಪ್ರಿಲ್ 16 ಮತ್ತು 17ಕ್ಕೆ ಸಿಇಟಿ. ಏಪ್ರಿಲ್ 24ರಿಂದ ಮೇ 8ರವರೆಗೆ ಪಿಯುಸಿ ಪರೀಕ್ಷೆ-2. ಅದರ ಮಧ್ಯದಲ್ಲೇ, ಮೇ 4ಕ್ಕೆ ನೀಟ್. ಮೇ 10ಕ್ಕೆ ಕಾಮೆಡ್‌ಕೆ. ಮೇ 18ಕ್ಕೆ, ಮೇನ್‌ನಲ್ಲಿ ಮೇಲೆ ಬಂದವರು ಐಐಟಿಗಾಗಿ ಬರೆಯುವ ಜೆಇಇ ಅಡ್ವಾನ್ಸ್‌ಡ್. 2024ರಲ್ಲೂ ಸಾಲು ಇದೇ ಇತ್ತು, ದಿನಗಳು ಮಾತ್ರ ಸ್ವಲ್ಪ ಹಿಂದೆ ಮುಂದೆ. ನಿಮ್ಮ ವರ್ಷದ ದಿನಾಂಕಗಳನ್ನು ಜೆಇಇ, ನೀಟ್ ನಡೆಸುವ ಎನ್‌ಟಿಎ, ಸಿಇಟಿ ನಡೆಸುವ ಕೆಇಎ ಮತ್ತು ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲೇ ನೋಡಿ. ವಾಟ್ಸಾಪಿನಲ್ಲಿ ಬಂದ ಪಟ್ಟಿಯನ್ನು ನಂಬಬೇಡಿ.

ಈಗ ಈ ಸಾಲಿನಲ್ಲಿರುವ ಸಂದುಗಳನ್ನು ನೋಡಿ. ಪಿಯುಸಿ ಪರೀಕ್ಷೆ ಮುಗಿದದ್ದು ಮಾರ್ಚ್ 20ಕ್ಕೆ. ಜೆಇಇ ಎರಡನೇ ಸೆಷನ್ನಿಗೆ ಅಲ್ಲಿಂದ 13 ದಿನ. ಸಿಇಟಿಗೆ 27 ದಿನ. ಸಿಇಟಿ ಮುಗಿದ ಮೇಲೆ ನೀಟ್‌ಗೆ 17 ದಿನ. ಎಲ್ಲಾ ಬರೆಯುತ್ತೇನೆ ಅನ್ನುವ ಹುಡುಗ ಈ ಪುಟ್ಟ ಸಂದುಗಳಲ್ಲಿ ಮೂರು ಬೇರೆ ಬೇರೆ ರೀತಿಯ ಪರೀಕ್ಷೆಗೆ ತಯಾರಾಗಬೇಕು. ಜೆಇಇ ಕಂಪ್ಯೂಟರ್ ಮೇಲೆ, 3 ಗಂಟೆಗೆ 75 ಪ್ರಶ್ನೆ, ತಪ್ಪಿದರೆ ಅಂಕ ಕಡಿತ. ಸಿಇಟಿ ಓಎಂಆರ್ ಹಾಳೆ ಮೇಲೆ, ಅಂದರೆ ಉತ್ತರದ ಗೋಲ ತುಂಬುವ ಹಾಳೆ ಮೇಲೆ, ಒಂದೊಂದು ವಿಷಯಕ್ಕೆ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿದರೆ ಕಡಿತ ಇಲ್ಲ. ನೀಟ್ ಮತ್ತೆ ಓಎಂಆರ್, 180 ನಿಮಿಷಕ್ಕೆ 180 ಪ್ರಶ್ನೆ, ತಪ್ಪಿಗೆ ಕಡಿತ ಉಂಟು. ಪಠ್ಯ ಒಂದೇ ಇರಬಹುದು. ಕೈಗೆ ಬೇಕಾದ ರೂಢಿ ಒಂದೇ ಅಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಸಿಇಟಿಯಲ್ಲಿ ಖಾಲಿ ಬಿಡಬಾರದು. ನೀಟ್‌ನಲ್ಲಿ ಬಹಳ ಸಲ ಬಿಡಲೇಬೇಕು. ಎರಡು ವಾರದಲ್ಲಿ ಈ ಅಭ್ಯಾಸ ಬದಲಿಸುವುದು ಹೇಳಿದಷ್ಟು ಸುಲಭ ಅಲ್ಲ.

ಇಲ್ಲಿ ಕೂತವರಲ್ಲಿ ಜಾಸ್ತಿ ಮಂದಿಗೆ ಎಂಜಿನಿಯರಿಂಗ್ ಸೀಟು ಬರುವುದು ಸಿಇಟಿಯಿಂದ. ಹಾಗಾಗಿ ಸಿಇಟಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕ ಅರ್ಧ. ಇದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿದ್ದೂ ಲೆಕ್ಕ ಹಾಕುವುದಿಲ್ಲ. ಒಬ್ಬ ಹುಡುಗಿಗೆ ಪಿಯುಸಿಯಲ್ಲಿ ಪಿಸಿಎಂ 300ಕ್ಕೆ 270 ಬಂದಿದೆ ಅಂದುಕೊಳ್ಳಿ. ಶೇಕಡಾ 90, ಅದರ ಅರ್ಧ 45. ಸಿಇಟಿಯಲ್ಲಿ 180ಕ್ಕೆ 90. ಶೇಕಡಾ 50, ಅರ್ಧ 25. ಒಟ್ಟು 70. ಅವಳ ಜೊತೆಗಾರ ಹುಡುಗ ಪಿಯುಸಿಯನ್ನು ಬದಿಗಿಟ್ಟು ಕೋಚಿಂಗ್ ಪುಸ್ತಕ ಹಿಡಿದ. ಅವನಿಗೆ ಪಿಸಿಎಂ 210. ಶೇಕಡಾ 70, ಅರ್ಧ 35. ಸಿಇಟಿಯಲ್ಲಿ ಅವಳಿಗಿಂತ 20 ಅಂಕ ಜಾಸ್ತಿ, 110. ಅದರ ಅರ್ಧ ಸುಮಾರು 30.5. ಒಟ್ಟು 65.5. ಸಿಇಟಿಯಲ್ಲಿ ಮುಂದಿದ್ದ ಹುಡುಗ ರ‍್ಯಾಂಕಿನಲ್ಲಿ ಹಿಂದೆ ಬಿದ್ದ.

ಸಿಇಟಿಯ ಒಂದು ಅಂಕಕ್ಕೆ ಪಿಯುಸಿಯ ಒಂದೂ ಮುಕ್ಕಾಲು ಅಂಕದ ಹತ್ತಿರ ಬೆಲೆ ಇದೆ, ಅದು ನಿಜ. ಆದರೆ ಪಿಯುಸಿಯಲ್ಲಿ 30 ಅಂಕ ಹೆಚ್ಚು ಮಾಡಿಕೊಳ್ಳುವುದು, ಸಿಇಟಿಯಲ್ಲಿ 18 ಅಂಕ ಹೆಚ್ಚು ಮಾಡಿಕೊಳ್ಳುವುದು, ಇವೆರಡರಲ್ಲಿ ನಿಮ್ಮ ಮಗುವಿಗೆ ಯಾವುದು ಸಾಧ್ಯ? ಬಹಳಷ್ಟು ಮಕ್ಕಳಿಗೆ ಮೊದಲನೆಯದೇ. ಲ್ಯಾಬ್ ರೆಕಾರ್ಡ್ ಸರಿಯಾಗಿಡುವುದು, ಡೆರಿವೇಷನ್ ಬರೆದು ಬರೆದು ಕಲಿಯುವುದು, ಆಂತರಿಕ ಅಂಕ ಕಳೆದುಕೊಳ್ಳದಿರುವುದು. ಇವುಗಳಿಗೆ ಬುದ್ಧಿವಂತಿಕೆಗಿಂತ ಶಿಸ್ತು ಮುಖ್ಯ. ಸಿಇಟಿ ಬರೆಯುವವರಿಗೆ ಮಾರ್ಚ್ ತಿಂಗಳೇ ಅರ್ಧ ಸಿಇಟಿ.

ಇನ್ನೊಂದು ಅನುಕೂಲ ಇದೆ. ಅದನ್ನು ನಮ್ಮ ಭಾಗದವರು ಸಾಕಷ್ಟು ಬಳಸುತ್ತಿಲ್ಲ ಅನ್ನುವುದು ನನ್ನ ಕೊರಗು. 2024ರಿಂದ ನಮ್ಮ ರಾಜ್ಯದಲ್ಲಿ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬೇಕಾದ ವಿಷಯವನ್ನು ಮತ್ತೆ ಬರೆಯಬಹುದು. ಎರಡರಲ್ಲಿ ಯಾವುದು ಜಾಸ್ತಿಯೋ ಆ ಅಂಕ ಉಳಿಯುತ್ತದೆ. 2024ರಲ್ಲೂ 2025ರಲ್ಲೂ ಪರೀಕ್ಷೆ-2ರ ಫಲಿತಾಂಶ ಸಿಇಟಿ ಫಲಿತಾಂಶಕ್ಕಿಂತ ಮುಂಚೆಯೇ ಬಂತು. ಮಾರ್ಚ್‌ನಲ್ಲಿ ಗಣಿತ ಕೈಕೊಟ್ಟಿತು ಅಂದರೆ ಅಲ್ಲಿಗೇ ಮುಗಿಯಲಿಲ್ಲ. "ಫೇಲ್ ಆದವರು ಬರೆಯೋದು ಅದು" ಅಂತ ಮರ್ಯಾದೆಗೆ ಅಂಜಿ ಸುಮ್ನೆ ಕೂರಬೇಡಿ.

ಆದರೆ ನೀಟ್ ಮಕ್ಕಳು ಇಲ್ಲಿ ಎಚ್ಚರ ವಹಿಸಬೇಕು. ಪರೀಕ್ಷೆ-2 ನಡೆಯುವ ದಿನಗಳ ನಡುವೆಯೇ ನೀಟ್ ಬರುತ್ತದೆ. ಎರಡೂ ವರ್ಷ ಹಾಗೇ ಆಗಿದೆ. ನೀಟ್ ಮುಖ್ಯ ಅಂದುಕೊಂಡವರು ಮಾರ್ಚ್‌ನಲ್ಲೇ ಪಿಯುಸಿಯನ್ನು ಮುಗಿಸಿ ಕೈ ತೊಳೆದುಕೊಳ್ಳಬೇಕು. ಎಂಬಿಬಿಎಸ್ ಸೀಟಿಗೆ ಪಿಯುಸಿ ಅಂಕ ಅರ್ಹತೆಗೆ ಸಾಕಾಗುವಷ್ಟಿದ್ದರೆ ಆಯಿತು, ರ‍್ಯಾಂಕಿಗೆ ಸೇರುವುದಿಲ್ಲ. ಹಾಗಾಗಿ ಅದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರಿಗೆ, ಒಬ್ಬರಿಗೆ ಪರೀಕ್ಷೆ-2 ವರ ಆಗುತ್ತದೆ, ಇನ್ನೊಬ್ಬರಿಗೆ ಅದು ಬೇಡದ ಭಾರ. ಮುಖ್ಯ ಪರೀಕ್ಷೆ ಯಾವುದು ಅಂತ ನಾನು ಮತ್ತೆ ಮತ್ತೆ ಕೇಳುತ್ತಿರುವುದು ಇದಕ್ಕೇ.

ಇನ್ನು ಜನವರಿಯ ಜೆಇಇ. ಎರಡು ಸೆಷನ್ ಇದೆ, ಎರಡರಲ್ಲಿ ಒಳ್ಳೆಯ ಸ್ಕೋರನ್ನೇ ರ‍್ಯಾಂಕಿಗೆ ಹಿಡಿಯುತ್ತಾರೆ. ಹಾಗಾಗಿ "ಬರೆದರೆ ಕಳೆದುಕೊಳ್ಳೋದೇನು?" ಅಂತ ಎಲ್ಲರೂ ಹೇಳುತ್ತಾರೆ. ಕಾಗದದ ಮೇಲೆ ಅದು ಸರಿ. ಕಳೆದುಕೊಳ್ಳುವುದು ಅಂಕವನ್ನಲ್ಲ, ಡಿಸೆಂಬರ್ ತಿಂಗಳನ್ನು. ಡಿಸೆಂಬರಿನಲ್ಲಿ ನಮ್ಮ ಕಾಲೇಜುಗಳಲ್ಲಿ ಸಿಲಬಸ್ ಮುಗಿದಿರುವುದಿಲ್ಲ. ಜನವರಿ ಬಂತೆಂದರೆ ಪೂರ್ವಸಿದ್ಧತಾ ಪರೀಕ್ಷೆ, ರೆಕಾರ್ಡ್, ಪ್ರಾಕ್ಟಿಕಲ್ ಎಲ್ಲಾ ಒಟ್ಟಿಗೇ ಬಂದು ನಿಲ್ಲುತ್ತವೆ. ಇದರ ನಡುವೆ ಅರೆಬರೆ ಓದಿಕೊಂಡು ಜೆಇಇಗೆ ಹೋಗಿ, ಕಡಿಮೆ ಪರ್ಸೆಂಟೈಲ್ (ಬರೆದ ನೂರು ಮಂದಿಯಲ್ಲಿ ನಮಗಿಂತ ಹಿಂದೆ ಎಷ್ಟು ಮಂದಿ ಅನ್ನುವ ಲೆಕ್ಕ) ಬಂದು, ಫೆಬ್ರುವರಿಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಪಿಯುಸಿಗೆ ಕೂರುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಓದುವ ಉಮೇದೇ ಹೋಗಿರುತ್ತದೆ.

ಹಾಗಂತ ಜನವರಿ ಯಾರಿಗೂ ಬೇಡ ಅಂತಲ್ಲ. ಸುರತ್ಕಲ್ ಎನ್ಐಟಿಕೆ, ರಾಯಚೂರಿನ ಐಐಐಟಿ, ಧಾರವಾಡದ ಐಐಟಿ ಇಂಥ ಕಡೆ ಕಣ್ಣಿಟ್ಟವರಿಗೆ ಜನವರಿಯೇ ದೊಡ್ಡ ಅವಕಾಶ. ಏಕೆಂದರೆ ಏಪ್ರಿಲ್ ಸೆಷನ್ ಪಿಯುಸಿ ಮುಗಿದ ಹದಿನೈದು ದಿನದೊಳಗೇ ಬರುತ್ತದೆ. ಪಿಯುಸಿ ಬರೆಯುವ ಕೈಯಿಂದ ಜೆಇಇ ಕೈಗೆ ಹೊರಳಲು ಅಷ್ಟು ಸಮಯ ಸಾಲದು. ಅಂಥವರು ಜನವರಿಯನ್ನೇ ಮುಖ್ಯ ಅಂತ ಹಿಡಿಯಿರಿ, ಏಪ್ರಿಲ್ ಎರಡನೇ ಸಲದ್ದು ಅಂತ ಇಟ್ಟುಕೊಳ್ಳಿ. ಅದಕ್ಕೆ ಪ್ರಥಮ ಪಿಯುಸಿ ಪಾಠಗಳು ಈ ಜೂನ್‌ಗೇ ಗಟ್ಟಿ ಇರಬೇಕು. ಎನ್ಐಟಿ, ಐಐಐಟಿಗಳಿಗೆ ಪಿಯುಸಿಯಲ್ಲಿ ಶೇಕಡಾ 75 ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 65. ಇಲ್ಲವಾದರೆ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಅದನ್ನೂ ಮರೆಯಬೇಡಿ.

ಮಿಕ್ಕವರಿಗೆ ನಾನು ಹೇಳುವ ಅಳತೆ ಇಷ್ಟೇ. ನವೆಂಬರ್ ಕೊನೆಗೆ ಒಂದು ಹಳೆಯ ಜೆಇಇ ಪೇಪರನ್ನು ಕಂಪ್ಯೂಟರ್ ಮುಂದೆ ಕೂತು, ಮೂರು ಗಂಟೆ ಎದ್ದೇಳದೆ ಬರೆಯಿರಿ. ಪ್ರಥಮ ಪಿಯುಸಿ ಪ್ರಶ್ನೆಗಳಲ್ಲಿ ಅರ್ಧ ಸರಿ ಬಂದರೆ ಜನವರಿಗೆ ಹೋಗಿ. ಬರದಿದ್ದರೆ ಜನವರಿ ಬಿಡಿ. ಆ ಡಿಸೆಂಬರನ್ನು ಪಿಯುಸಿಗೂ ಸಿಇಟಿಗೂ ಕೊಡಿ. ಅರ್ಜಿ ಮಾತ್ರ ಅಕ್ಟೋಬರ್, ನವೆಂಬರ್ ಹೊತ್ತಿಗೇ ತುಂಬಬೇಕಾಗುತ್ತದೆ, ಅದು ನಿಜ. ಅರ್ಜಿ ತುಂಬಿದ ಮಾತ್ರಕ್ಕೆ ಹೋಗಲೇಬೇಕು ಅಂತೇನಿಲ್ಲ. ಕಟ್ಟಿದ ಫೀಸಿಗಿಂತ ಒಂದು ತಿಂಗಳ ಬೆಲೆ ದೊಡ್ಡದು.

"ಜನವರಿ ಪೇಪರ್ ಸುಲಭ ಇರ್ತದಂತೆ" ಅನ್ನುವ ಮಾತನ್ನು ನಂಬಬೇಡಿ. ಬೇರೆ ಬೇರೆ ಶಿಫ್ಟಿನ ಅಂಕಗಳನ್ನು ಪರ್ಸೆಂಟೈಲ್‌ಗೆ ತಂದೇ ಹೋಲಿಸುತ್ತಾರೆ. ಪೇಪರ್ ಸುಲಭ ಆದರೆ ನಿಮ್ಮ ಪಕ್ಕದವನಿಗೂ ಸುಲಭವೇ.

ಕಳೆದ ವರ್ಷ ಸೇಡಂ ಕಡೆಯ ಒಬ್ಬ ಹುಡುಗಿ ಗೋಡೆ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯನ್ನೇ ಹರಿದು ತಂದಿದ್ದಳು. ಆ ಹಾಳೆಯ ಬಗ್ಗೆ ನಿಮಗೆ ಹೇಳಲೇಬೇಕು. ಪ್ರತಿ ದಿನದ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಒಂದೊಂದು ಪಾಠದ ಹೆಸರು. ಬಹಳ ಚಂದ ಬರೆದಿದ್ದಳು. "ಮನೆಯಲ್ಲಿ ತೊಗರಿ ರಾಶಿ ಯಾವಾಗವ್ವಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೆಂಪು ಪೆನ್ನು ತೆಗೆದುಕೊಂಡಳು. ಕೊಯ್ಲಿನ ದಿನ, ರಾಶಿಯ ದಿನ, ಅವ್ವ ಹೊಲಕ್ಕೆ ಹೋದಾಗ ಅಡುಗೆ ಮಾಡಿ ತಮ್ಮನನ್ನು ನೋಡಿಕೊಳ್ಳುವ ದಿನ, ಊರಲ್ಲಿ ಒಂದು ಮದುವೆ, ಕಾಲೇಜಿನ ಕಿರುಪರೀಕ್ಷೆ. ಗುರುತು ಹಾಕಿ ಮುಗಿಸುವಷ್ಟರಲ್ಲಿ ಅರ್ಧ ಹಾಳೆ ಕೆಂಪಾಗಿತ್ತು. ಪಾಠದ ಹೆಸರುಗಳ ಮೇಲೇ ಕೆಂಪು ಗೀಟು ಬಿದ್ದಿತ್ತು.

ಆಮೇಲೆ ಕೇಳಿದೆ, ನಿನಗೆ ಏನು ಓದಬೇಕು? ಬಿಎಸ್ಸಿ ಕೃಷಿ ಅಂದಳು. ಭೀಮರಾಯನಗುಡಿಯಲ್ಲಾದರೂ ಸರಿ, ರಾಯಚೂರಲ್ಲಾದರೂ ಸರಿ. ಬಿಎಸ್ಸಿ ಕೃಷಿಗೆ ನಮ್ಮ ರಾಜ್ಯದ ಸೀಟು ಸಿಗುವುದು ಸಿಇಟಿಯಿಂದ. ಜೆಇಇಗೆ ಅಲ್ಲಿ ಕೆಲಸವೇ ಇಲ್ಲ. ಹೊಲ ಇರುವ ಮನೆಯ ಮಕ್ಕಳಿಗೆ ಕೃಷಿಕರ ಕೋಟಾ ಅಂತ ಬೇರೆ ಇದೆ, ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು, ಹೊಲದ ಕಾಗದಪತ್ರ ಬೇಕು. ಅವಳು ಡಿಸೆಂಬರ್ ಪೂರ್ತಿ ಓದಲು ಬರೆದುಕೊಂಡಿದ್ದದ್ದು ಜೆಇಇ ಪಾಠಗಳನ್ನು. ಯಾಕೆ ಅಂದರೆ ಕ್ಲಾಸಿನಲ್ಲಿ ಎಲ್ಲರೂ ಹಾಕಿದ್ದರು.

ಅವತ್ತೇ ಅವಳು ಜನವರಿ ಪರೀಕ್ಷೆಯನ್ನು ಬಿಟ್ಟಳು. ಡಿಸೆಂಬರ್ ಹಗುರ ಆಯಿತು. ರಾಶಿಯ ದಿನಗಳಲ್ಲಿ ಓದಲಿಲ್ಲ ಅನ್ನುವ ಕೊರಗೂ ಇಲ್ಲದೆ ಮನೆ ಕೆಲಸ ಮಾಡಿದಳು. ಪಾಲಕರೇ, ನಿಮಗೆ ಒಂದು ಮಾತು. ಹದ ಬರದೆ ನೀವು ಬಿತ್ತುವುದಿಲ್ಲ, ಪಕ್ಕದ ಹೊಲದವನು ಬಿತ್ತಿದ ಅಂತ ಬೀಜ ಸುರಿಯುವುದೂ ಇಲ್ಲ. ಮಕ್ಕಳ ಪರೀಕ್ಷೆ ವಿಷಯದಲ್ಲೂ ಅಷ್ಟೇ ವಿವೇಕ ಇರಲಿ. ಆಮೇಲೆ, ಪರೀಕ್ಷೆ ವರ್ಷದಲ್ಲಿ ರಾಶಿಗೆ ಒಬ್ಬ ಆಳನ್ನು ಜಾಸ್ತಿ ಕರೆಯಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ನಾನು ಕೈ ಮುಗಿದು ಕೇಳುತ್ತೇನೆ. ಗಂಡು ಹುಡುಗನಿಗೆ "ಓದ್ಕೋ ಹೋಗು" ಅನ್ನುತ್ತೀರಿ, ಹುಡುಗಿಗೆ ರೊಟ್ಟಿ ಬಡಿದು ಆಮೇಲೆ ಓದು ಅನ್ನುತ್ತೀರಿ. ಇಬ್ಬರಿಗೂ ಪರೀಕ್ಷೆ ದಿನ ಒಂದೇ ಅಲ್ವಾ?

ದಿನದ ಲೆಕ್ಕ ಆಯಿತು. ಇನ್ನು ಗಂಟೆಯ ಲೆಕ್ಕ. ಸಿಇಟಿಯ ಒಂದು ಪೇಪರ್ ಬೆಳಿಗ್ಗೆ 10:30ಕ್ಕೆ, ಇನ್ನೊಂದು ಮಧ್ಯಾಹ್ನ 2:30ಕ್ಕೆ. ನೀಟ್ ಮಧ್ಯಾಹ್ನ 2 ಗಂಟೆಗೆ, ಮೇ ತಿಂಗಳ ಮೊದಲ ವಾರ. ಆ ಹೊತ್ತಿನಲ್ಲಿ ನಮ್ಮ ಊರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. 42 ಡಿಗ್ರಿ ದಾಟುವುದು ಇಲ್ಲಿ ಹೊಸತಲ್ಲ. ನಮ್ಮ ಮಕ್ಕಳು ಓದುವುದು ಬೆಳಗಿನ ಜಾವ ಅಥವಾ ರಾತ್ರಿ. ಮಧ್ಯಾಹ್ನ ಊಟ ಮಾಡಿ ಮಲಗುವ ರೂಢಿ. ಆಮೇಲೆ ಪರೀಕ್ಷೆ ದಿನ ಅದೇ ಹೊತ್ತಿಗೆ ಫಿಸಿಕ್ಸ್ ಲೆಕ್ಕ ಬಿಡಿಸು ಅಂದರೆ ತಲೆ ಓಡುವುದಿಲ್ಲ. ಮಾರ್ಚ್ ಮುಗಿದ ಮೇಲೆ ಮಾಕ್ ಟೆಸ್ಟನ್ನು ಮಧ್ಯಾಹ್ನವೇ ಬರೆಯಿರಿ. ಒಂದು ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿಕೊಳ್ಳಿ, ಪೆನ್ನಿನಿಂದ ಗೋಲ ತುಂಬಿ. ಬೆವರಿದ ಕೈ ಹಾಳೆಗೆ ಅಂಟುತ್ತದೆ, ಒದ್ದೆಯಾದ ಕಡೆ ಶಾಯಿ ಹರಡುತ್ತದೆ. ಕೈ ಕೆಳಗೆ ಕರವಸ್ತ್ರ ಇಟ್ಟುಕೊಂಡು ಬರೆಯುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. 60 ಗೋಲ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಗಡಿಯಾರ ಇಟ್ಟು ನೋಡಿದವರು ನಮ್ಮಲ್ಲಿ ಕಡಿಮೆ. ಒಂದು ಪ್ರಶ್ನೆಗೆ ನಿಮಗಿರುವುದು 80 ಸೆಕೆಂಡು, ಗೋಲ ತುಂಬುವ ಸಮಯವೂ ಅದರೊಳಗೇ ಬಂತು.

ರಂಜಾನ್ ಬಗ್ಗೆಯೂ ಹೇಳಬೇಕು. 2025ರಲ್ಲಿ ಮಾರ್ಚ್ ಪೂರ್ತಿ ರೋಜಾ ಇತ್ತು, ಪಿಯುಸಿ ಪರೀಕ್ಷೆಯೂ ಅದೇ ತಿಂಗಳು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಮುಂದಿನ ಕೆಲವು ವರ್ಷ ಅದು ಪ್ರಿಪರೇಟರಿ, ಪ್ರಾಕ್ಟಿಕಲ್, ಜನವರಿ ಜೆಇಇ ಕಡೆಗೆ ಬರುತ್ತದೆ. ರೋಜಾ ಹಿಡಿಯುವ ಮಕ್ಕಳು ಸಹರಿ ಆದ ಮೇಲೆ ಮಲಗದೆ ಓದುವುದು, ಮಧ್ಯಾಹ್ನ ಒಂದು ನಿದ್ದೆ ಮಾಡುವುದು, ಹೀಗೆ ದಿನಚರಿಯನ್ನು ಮೊದಲೇ ಹೊಂದಿಸಿಕೊಂಡರೆ ಚೆನ್ನಾಗಿ ನಡೆಯುತ್ತದೆ. ಹೊಂದಿಸಿಕೊಂಡ ಮಕ್ಕಳನ್ನು ನೋಡಿಯೇ ಹೇಳುತ್ತಿದ್ದೇನೆ. ಅದೇ ಮಾರ್ಚ್‌ನಲ್ಲಿ ಹೋಳಿ ಆದ ಮೇಲೆ ನಮ್ಮ ಶರಣಬಸವೇಶ್ವರರ ಜಾತ್ರೆ. ತೇರಿನ ದಿನ ಊರಿಗೆ ಊರೇ ನೆರೆಯುತ್ತದೆ. ಮನೆಗೆ ನೆಂಟರು ಬರುತ್ತಾರೆ. ಜಾತ್ರೆಯ ಸಮೀಪ ಮನೆ ಇರುವ ಮಕ್ಕಳು ಆ ಎರಡು ದಿನ ಎಲ್ಲಿ ಕೂತು ಓದಬೇಕು ಅಂತ ಮೊದಲೇ ನೋಡಿಕೊಳ್ಳಿ.

ಸೆಂಟರ್ ವಿಷಯ ಬೇಗ ಹೇಳುತ್ತೇನೆ. ಜೆಇಇ ಬೆಳಗಿನ ಶಿಫ್ಟ್ 9 ಗಂಟೆಗೆ ಶುರು, ಗೇಟು ಅದಕ್ಕೂ ಅರ್ಧ ಗಂಟೆ ಮುಂಚೆ ಬಂದ್. ಸುರಪುರದಿಂದಲೋ ಔರಾದದಿಂದಲೋ ಅವತ್ತು ಬೆಳಿಗ್ಗೆ ಹೊರಟರೆ ಆಗುವುದಿಲ್ಲ. ಹಿಂದಿನ ಸಂಜೆಯೇ ಬಂದು ಸೆಂಟರ್ ನೋಡಿಕೊಳ್ಳಿ. ಅಡ್ಮಿಟ್ ಕಾರ್ಡ್ ಕೆಲವೇ ದಿನ ಮುಂಚೆ ಬರುತ್ತದೆ. ಸೆಂಟರ್ ಯಾವ ಊರಲ್ಲಿ ಅಂತ ತಿಳಿಸುವ ಸಿಟಿ ಸ್ಲಿಪ್ ಬಂದ ಕೂಡಲೇ ಉಳಿಯುವ ಜಾಗ ನೋಡಿ.

ಭಾಷೆ. ಸಿಇಟಿ, ನೀಟ್, ಜೆಇಇ ಮೇನ್ ಮೂರರಲ್ಲೂ ಕನ್ನಡದ ಪ್ರಶ್ನೆಪತ್ರಿಕೆ ಇದೆ. ಜೆಇಇ ಮೇನ್‌ನಲ್ಲಿ ಇದು 2021ರಿಂದ ಬಂತು. ಅಡ್ವಾನ್ಸ್‌ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನೀಟ್ ಮತ್ತು ಜೆಇಇಗೆ ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಕನ್ನಡ ಹಾಕಬೇಕೋ ಬೇಡವೋ ಅನ್ನುವ ಗೊಂದಲ ಇರುತ್ತದೆ. ಸೆಪ್ಟೆಂಬರಿನಲ್ಲಿ ಹಳೆಯ ಪೇಪರ್ ಒಂದನ್ನು ಕನ್ನಡದಲ್ಲಿ, ಇನ್ನೊಂದನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಯಾವುದರಲ್ಲಿ ಪ್ರಶ್ನೆ ಬೇಗ ತಲೆಗೆ ಹತ್ತುತ್ತದೋ ಅದನ್ನು ಹಾಕಿ. ನೀಟ್‌ನಲ್ಲಿ ಕನ್ನಡ ಆರಿಸಿದರೂ ಪುಸ್ತಿಕೆಯಲ್ಲಿ ಪಕ್ಕದಲ್ಲೇ ಇಂಗ್ಲಿಷ್ ಇರುತ್ತದೆ. ಕನ್ನಡ ಆರಿಸುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನು ಸರ್ಟಿಫಿಕೇಟ್. ಇದೂ ಸಮಯದ ವಿಷಯವೇ, ಓದಿನಷ್ಟೇ ಮುಖ್ಯ. ಸಂವಿಧಾನದ 371ಜೆ ಕಲಮಿನಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ಮೀಸಲು. ಇದಕ್ಕಾಗಿ ಹಿರಿಯರು ವರ್ಷಗಟ್ಟಲೆ ಹೋರಾಡಿದ್ದಾರೆ. 2012ರಲ್ಲಿ ಸಂಸತ್ತು ತಿದ್ದುಪಡಿ ಒಪ್ಪಿತು, ಮರು ವರ್ಷ ಜಾರಿಗೆ ಬಂತು. ಅಷ್ಟು ಕಷ್ಟಪಟ್ಟು ಬಂದ ಸೀಟನ್ನು ಒಂದು ಕಾಗದ ಇಲ್ಲ ಅಂತ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಸಹಾಯಕ ಆಯುಕ್ತರ ಕಚೇರಿಯಿಂದ ಬರುವ 371ಜೆ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ ಇವನ್ನು ದೀಪಾವಳಿ ಆದ ಕೂಡಲೇ ಮಾಡಿಸಿ. ಮೇ ತಿಂಗಳಲ್ಲಿ ನಾಡಕಚೇರಿ ಮುಂದೆ ಸಾಲು ಎಷ್ಟುದ್ದ ಇರುತ್ತದೆ ಅಂತ ನೀವೇ ನೋಡಿದ್ದೀರಿ. ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ.

371ಜೆ ರಾಜ್ಯದ ಸೀಟುಗಳಿಗೆ ಮಾತ್ರ. ಐಐಟಿ, ಎನ್ಐಟಿಗೆ ಅದು ನಡೆಯುವುದಿಲ್ಲ. ಅಲ್ಲಿ ಹಿಂದುಳಿದ ವರ್ಗಕ್ಕೆ ಕೇಂದ್ರದ ಪಟ್ಟಿಯೇ ಬೇರೆ, ನಮೂನೆಯೂ ಬೇರೆ. ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಅಂದರೆ ಆ ಒಂದು ಕಾಗದವನ್ನು ಮಾತ್ರ ಮೊದಲೇ ಮಾಡಿಸಿಟ್ಟರೆ ಪ್ರಯೋಜನ ಇಲ್ಲ. ಏಪ್ರಿಲ್ ಮೊದಲ ವಾರ ಅಪ್ಪನೋ ಅಣ್ಣನೋ ಅದಕ್ಕೆಂದೇ ಓಡಾಡಬೇಕು.

ಇಷ್ಟು ಹೇಳಿ ನಾನು ಮುಗಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಬೀದರಿನಿಂದ ಬಂದ ಒಬ್ಬರು ಲಾಂಗ್ ಟರ್ಮ್ ಬಗ್ಗೆ, ಅಂದರೆ ಪಿಯುಸಿ ಆದ ಮೇಲೆ ವರ್ಷ ಪೂರ್ತಿ ಕೋಚಿಂಗಿಗೆ ಕೂರುವ ಬಗ್ಗೆ ಕೇಳಿದರು. ಮಗನಿಗೆ ನೀಟ್‌ನಲ್ಲಿ ಕಡಿಮೆ ಬಂದಿದೆ, ಲಾತೂರಿಗೋ ಹೈದರಾಬಾದಿಗೋ ಒಂದು ವರ್ಷ ಕಳಿಸಬೇಕೇ ಅಂತ. ನಾನು ಹೇಳಿದ್ದು ಇದು. ನೀಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಹಳೆಯ ಅಂಕ ಹೊಸ ವರ್ಷಕ್ಕೆ ಅಂಟಿಕೊಂಡು ಬರುವುದಿಲ್ಲ. ಆದ್ದರಿಂದ ಒಂದು ವರ್ಷ ಕೊಡುವುದಕ್ಕೆ ಅರ್ಥ ಇದೆ. ಸಿಇಟಿಗೆ ಹಾಗಲ್ಲ. ಪಿಯುಸಿಯ ಅರ್ಧ ಹಾಗೇ ಉಳಿಯುತ್ತದೆ, ವರ್ಷ ಪೂರ್ತಿ ಕೂತರೂ ನೀವು ಅಲುಗಿಸುವುದು ಇನ್ನರ್ಧವನ್ನು ಮಾತ್ರ. ಬರೀ ಸಿಇಟಿಗಾಗಿ ವರ್ಷ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಜೆಇಇ ಮೇನ್ ಪಿಯುಸಿ ವರ್ಷದಿಂದ ಸತತ ಮೂರು ವರ್ಷ ಬರೆಯಬಹುದು, ಅಡ್ವಾನ್ಸ್‌ಡ್ ಎರಡೇ ಸಲ, ಅದೂ ಸತತ ಎರಡು ವರ್ಷದಲ್ಲಿ.

ನೀಟ್‌ಗೆ ವರ್ಷ ಬಿಡುವ ಮುಂಚೆ ಅಂಕಗಳನ್ನು ವಿಷಯವಾರು ಬಿಡಿಸಿ ನೋಡಿ ಅಂದೆ. ಬಯಾಲಜಿ ಚೆನ್ನಾಗಿದ್ದು ಫಿಸಿಕ್ಸ್ ಒಂದೇ ಕೈಕೊಟ್ಟಿದ್ದರೆ ಒಂದು ವರ್ಷದಲ್ಲಿ ಅದನ್ನು ಎತ್ತಬಹುದು. ಮೂರೂ ಕಡಿಮೆ ಇದ್ದರೆ ಹುಡುಗನಿಗೆ ನಿಜವಾಗಿ ಇದು ಬೇಕೋ, ಮನೆಯವರಿಗೆ ಬೇಕೋ ಅಂತ ಕೇಳಬೇಕು. ಮಿತಿ ಪರೀಕ್ಷೆಯಲ್ಲಿಲ್ಲ ಅಂದ ಮೇಲೆ ಮಿತಿಯನ್ನು ಮನೆಯಲ್ಲೇ ಹಾಕಿಕೊಳ್ಳಬೇಕು, ಹೊರಡುವ ಮುಂಚೆಯೇ. ಮೂರನೇ ಸಲಕ್ಕೆ ಕಳಿಸಿದ ಮಕ್ಕಳ ಮುಖ ನಾನು ನೋಡಿದ್ದೇನೆ. ಅವರು ಊರಿನ ಮದುವೆಗೂ ಬರುವುದಿಲ್ಲ, ಜನ ಕೇಳುತ್ತಾರೆ ಅಂತ.

ಒಬ್ಬ ಹುಡುಗ ಕೇಳಿದ, ಕಾಮೆಡ್‌ಕೆ ಬರೆಯಬೇಕಾ ಸರ್? ಖಾಸಗಿ ಕಾಲೇಜಿನ ಫೀಸು ಕಟ್ಟುವ ಶಕ್ತಿ ಮನೆಯಲ್ಲಿದೆಯಾ ಅಂತ ಮೊದಲು ಅಪ್ಪನ ಹತ್ತಿರ ಕೂತು ಮಾತಾಡು ಅಂದೆ. ಇದ್ದರೆ ಬರೆ. ಮೇ ತಿಂಗಳಲ್ಲಿ ಬರುತ್ತದೆ, ತಪ್ಪಿಗೆ ಕಡಿತ ಇಲ್ಲ, ಸಿಇಟಿಗೆ ಓದಿದ್ದೇ ಅದಕ್ಕೂ ಆಗುತ್ತದೆ. ಅದಕ್ಕೆಂದೇ ಬೇರೆ ದಿನ ಎತ್ತಿಡಬೇಡ.

ಕೊನೆಯಲ್ಲಿ ಶಹಾಪುರ ಕಡೆಯ ಒಬ್ಬ ತಾಯಿ ಎದ್ದು ನಿಂತರು. "ನಮ್ ಮಗಳಿಗೆ ಎಲ್ಲಾ ಪರೀಕ್ಷೆ ಹಾಕಸ್ಬೇಕಂತ ಮಾಡೀವ್ರಿ ಸರ್. ನೀವು ಬ್ಯಾಡ ಅಂತೀರಿ. ಹಂಗಾದ್ರ ಯಾವುದು ಬಿಡ್ಬೇಕ್ರಿ?" ಮಗಳು ಪಕ್ಕದಲ್ಲೇ ಕೂತಿದ್ದಳು. ನೀನೇ ಹೇಳವ್ವಾ, ಏನು ಓದಬೇಕು ಅಂತಿದ್ದೀಯಾ ಅಂತ ಕೇಳಿದೆ. ಬಿಎಸ್ಸಿ ನರ್ಸಿಂಗ್ ಅಂದಳು, ತಾಯಿ ಕಡೆ ನೋಡುತ್ತಾ.

ನಮ್ಮ ರಾಜ್ಯದಲ್ಲಿ ಈಗ ಕೆಇಎ ಮೂಲಕ ಬಿಎಸ್ಸಿ ನರ್ಸಿಂಗ್ ಸೀಟು ಸಿಗುವುದೂ ಸಿಇಟಿಯಿಂದಲೇ. ಹಾಗಾದರೆ ಅವಳಿಗೆ ಜೆಇಇ ಬೇಡ, ಕಾಮೆಡ್‌ಕೆ ಬೇಡ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೇ ಪೇಪರ್. ನವೆಂಬರಿನಲ್ಲಿ ನಾಡಕಚೇರಿಗೆ ಹೋಗಿ 371ಜೆ ಮತ್ತು ಜಾತಿ, ಆದಾಯದ ಅರ್ಜಿ ಹಾಕುವುದು. ಜನವರಿಯಲ್ಲಿ ಕೆಇಎ ಅರ್ಜಿ ಬಿಟ್ಟ ಕೂಡಲೇ ಸಿಇಟಿಗೆ ತುಂಬುವುದು. ಮಾರ್ಚ್‌ವರೆಗೆ ಪಿಯುಸಿ ಪುಸ್ತಕ ಬಿಟ್ಟು ಬೇರೇನೂ ಹಿಡಿಯದಿರುವುದು. ಅಲ್ಲಿಂದ ಏಪ್ರಿಲ್ ಮಧ್ಯದವರೆಗೆ ದಿನಕ್ಕೆ ಎರಡು ಸಲ, 10:30ಕ್ಕೆ ಒಂದು, 2:30ಕ್ಕೆ ಒಂದು, 80 ನಿಮಿಷದ ಪೇಪರ್ ಬರೆಯುವುದು. ಇದನ್ನೆಲ್ಲಾ ಹೇಳುತ್ತಿದ್ದಾಗ ಹುಡುಗಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ತಾಯಿ ಕೇಳಿದರು, "ಇಷ್ಟೇ ಏನ್ರೀ?" ಇಷ್ಟೇ ಅಮ್ಮ ಅಂದೆ. ಮಧ್ಯಾಹ್ನದ ಹೊತ್ತು ಅವಳಿಗೆ ಓದಲು ಒಂದು ಫ್ಯಾನು, ಒಂದು ಮೂಲೆ ಬಿಟ್ಟುಕೊಡಿ.